ಬಾನೆಟ್ಟಿನ ಮೇಲೆ ಮೂರು ಬೆರಳು

ಕಾರಿನ ಬಣ್ಣದ ಮೇಲೆ ಕಣ್ಣಿಗೆ ಕಾಣದ ಫಿಲಂ ಅಂಟಿಸುವುದು ನನ್ನ ಕೆಲಸ. ನಮ್ಮ ಬೀದಿಯ ಹೆಂಗಸರಿಗೆ ಇದನ್ನು ವಿವರಿಸಿ ವಿವರಿಸಿ ಸಾಕಾಗಿದೆ. “ಕಾಣ್ದೇ ಇರೋದನ್ನ ಅಂಟ್ಸಕ್ಕೆ ಯಾವನಾದ್ರೂ ಕೂಲಿ ಕೊಡ್ತಾನಾ?” ಎಂದು ಕೇಳುತ್ತಾರೆ. ಕೊಡುತ್ತಾರೆ ತಾಯೀ, ಕಾಣದಷ್ಟೂ ಖುಷಿಯಿಂದ ಕೊಡುತ್ತಾರೆ. ಅಂಚು ಎದ್ದಿತೋ, ಗುಳ್ಳೆ ಬಂತೋ, ಒಳಗೆ ಒಂದು ಕೂದಲು ಸಿಕ್ಕಿಕೊಂಡಿತೋ, ಅವತ್ತು ನನ್ನ ಮರ್ಯಾದೆ ಮೂರು ಕಾಸು. ಕೆಲಸ ಚೆನ್ನಾಗಿ ಆಗಿದೆ ಎಂದರೆ ಯಾರೂ ಏನೂ ಮಾಡಿಲ್ಲ ಎನ್ನುವ ಹಾಗೆ ಕಾಣಬೇಕು. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಆದ ಅತಿ ಚೆಂದದ ಬಾನೆಟ್ಟನ್ನು ನಾನೇ ಕಿತ್ತು ಹಾಕಿದ ಕಥೆ ಇದು.

ಆಗ ಆಡಿ ತಿಂಗಳು, ಅಂದರೆ ಆಷಾಢ. ನಮ್ಮ ಕಡೆ ಆಡಿಯಲ್ಲಿ ಯಾರೂ ಹೊಸ ಗಾಡಿ ತೆಗೆಯುವುದಿಲ್ಲ, ಹೀಗಾಗಿ ಸೇಲಂ ಬೈಪಾಸಿನ ನಮ್ಮ ಅಂಗಡಿ ನೊಣ ಹೊಡೆಯುತ್ತಿತ್ತು. ಹೊರಗೆ ಗಾಳಿ ಅಂದರೆ ಗಾಳಿ. ಆಡಿ ಗಾಳಿಗೆ ಖಾರ ಅರೆಯುವ ಅಮ್ಮಿಕಲ್ಲೂ ಹಾರುತ್ತದೆ ಎಂದು ಇಲ್ಲಿಯವರು ಸುಮ್ಮನೆ ಹೇಳುವುದಿಲ್ಲ. ನಮಗೆ ಗಾಳಿಗಿಂತ ಅದು ಹೊತ್ತು ತರುವ ಧೂಳೇ ಶತ್ರು. ನನ್ನ ತಮ್ಮನ ವಯಸ್ಸಿನ ಓನರ್ ಬಾಗಿಲಿಗೆ ಇನ್ನೊಂದು ಪ್ಲಾಸ್ಟಿಕ್ ಪರದೆ ಕಟ್ಟುತ್ತಿದ್ದಾಗ ಆ ಗಾಡಿ ಬಂದು ನಿಂತಿತು.

ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂಥ ಗಾಡಿ, ಕಡುನೀಲಿ ಬಣ್ಣ. ಬೇರೆಯವರು ಓಡಿಸಿ ಬಿಟ್ಟ ಹಳೆಯ ಗಾಡಿಯೇ, ಆದರೂ ಸ್ಪೋರ್ಟ್ಸ್ ಕಾರು ಸ್ಪೋರ್ಟ್ಸ್ ಕಾರೇ. ಓನರ್ ಪರದೆಯನ್ನು ಅರ್ಧಕ್ಕೆ ಬಿಟ್ಟು ಓಡಿದ. ಒಳಗಿಂದ ಕಪ್ಪು ಕನ್ನಡಕದ ಯಾವನೋ ಶೋಕಿಲಾಲ ಇಳಿಯುತ್ತಾನೆ ಎಂದುಕೊಂಡಿದ್ದೆವು. ಇಳಿದದ್ದು ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕಿವಿಯ ಹತ್ತಿರ ನರೆ ಬಂದ ಒಬ್ಬ ರೈತ. ಇಳಿಯುವುದು ಅಂದರೆ ಬಾವಿಯಿಂದ ಮೇಲೆ ಬಂದ ಹಾಗೆ: ಮೊದಲು ಒಂದು ಕೈ, ಆಮೇಲೆ ತಲೆ, ಕೊನೆಗೆ ಪಂಚೆ ಸರಿಮಾಡಿಕೊಳ್ಳುತ್ತಾ ಉಳಿದದ್ದು. ನನಗೆ ನಗು ತಡೆಯಲಾಗಲಿಲ್ಲ.

ಓನರ್ ತಮಿಳಿನಲ್ಲಿ ತನ್ನ ಪಾಠ ಶುರುಮಾಡಿದ. ಫಿಲಂ ಗೀರು ತಡೆಯುತ್ತದೆ, ಸಣ್ಣ ಗೀರು ಬಿದ್ದರೂ ಬಿಸಿಲಿಗೆ ತಾನೇ ಮುಚ್ಚಿಕೊಳ್ಳುತ್ತದೆ, ವಾರಂಟಿ ಇದೆ, ಹಾಗೆ ಹೀಗೆ. ನಾನು ಅಭ್ಯಾಸದಂತೆ ಬಾನೆಟ್ಟಿನ ಮೇಲೆ ಕೈಯಿಟ್ಟು ಫಕ್ಕನೆ ತೆಗೆದೆ. “ಅಯ್ಯೋ ಶಿವ್ನೆ, ರೊಟ್ಟಿ ಎಂಚು ಆಗೋಗೈತಲ್ಲ” ಎಂದು ಬಾಯಿಂದ ಬಂತು. ಆ ಮನುಷ್ಯ ಓನರ್‌ನ ಪಾಠವನ್ನು ಅಲ್ಲೇ ಬಿಟ್ಟು ನನ್ನ ಕಡೆ ತಿರುಗಿದರು.

“ಅಕ್ಕಾ, ನಮ್ ಬಾಸೆಯೋರಾ?”

“ಊಂ ಅಣ್ಣಾ. ಎಡಪ್ಪಾಡಿ ಕಡೆ. ಮಗ್ಗದೋರು.”

“ನಮ್ದು ಮಾರಂಡಹಳ್ಳಿ ಪಕ್ಕ. ಕುರಿಯೋರು. ಈಗ ಟೊಮ್ಯಾಟೊ ಯಾಪಾರ.” ಅಷ್ಟು ಹೇಳಿ ನನ್ನನ್ನು ಬಾನೆಟ್ಟಿನ ಎಡಗಡೆಗೆ ಕರೆದರು. “ತೊಪ್ಪೂರು ಘಾಟಲ್ಲಿ ಲಾರಿಗಳು ಕಲ್ಲು ಎಸೀತವೆ ಅಕ್ಕಾ. ಮೂತಿಯೆಲ್ಲಾ ಸಿಡುಬು ಬಂದಂಗೆ ಆಗೈತೆ. ಏನು ಬೇಕೋ ಅಂಟ್ಸಿ. ಇದೊಂದು ಮಾತ್ರ ಅಳಿಸ್ಬ್ಯಾಡಿ. ಇದು ಓಗ್ಬಾರ್ದು ಅಂತ್ಲೇ ನಾನು ಬಂದಿರೋದು.”

ಬಗ್ಗಿ ನೋಡಿದೆ. ಮೊದಲಿಗೆ ಏನೂ ಕಾಣಲಿಲ್ಲ. ಅವರು ಟವೆಲಿನಿಂದ ನೆರಳು ಮಾಡಿದಾಗ ಕಂಡಿತು. ಹೊಳೆಯುವ ನೀಲಿಯಲ್ಲಿ ಮಂಕಾದ ಮೂರು ಗೆರೆ, ಅಂಗೈಯಷ್ಟು ಉದ್ದ. ನಡುವಿನದು ಉದ್ದ, ಎರಡು ಬದಿಯವು ಗಿಡ್ಡ. ಶುರುವಿನಲ್ಲಿ ದಪ್ಪಗಿದ್ದು ಹೋಗುತ್ತಾ ಹೋಗುತ್ತಾ ತೆಳ್ಳಗಾಗಿದ್ದವು. ಯಾರೋ ಮೂರು ಬೆರಳನ್ನು ಯಾವುದರಲ್ಲೋ ಅದ್ದಿ, ದೇವರಿಗೆ ವಿಭೂತಿ ಎಳೆಯುವ ಹಾಗೆ ಎಳೆದಿದ್ದರು.

“ನಮ್ಮನೆಯೋಳದು” ಅಂದರು.

ಅವರ ಹೆಂಡತಿ ಮದುವೆಗೆ ಮುಂಚೆ ಹೆದ್ದಾರಿಯ ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದವರು. ಬೆಂಗಳೂರು ಕಡೆಯಿಂದ ಇಂಥ ಗಾಡಿಯೊಂದು ಸುಯ್ಯೆಂದು ಹೋದರೆ ಸಾಕು, ಕುರಿ ಯಾರ ಹೊಲಕ್ಕೆ ನುಗ್ಗಿದರೂ ಪರಿವೆ ಇರುತ್ತಿರಲಿಲ್ಲವಂತೆ. “ನೆಲಕ್ಕೆ ಅಂಟ್ಕಂಡು ಓಡೋ ಗಾಡೀಲಿ ಒಂದು ಕಿತನಾದ್ರೂ ಕೂಕಬೇಕು ಅಂತ ಆಸೆ ಅಕ್ಕಾ ಅವ್ಳಿಗೆ. ವಾಲೆ ಕೇಳ್ಲಿಲ್ಲ, ಸೀರೆ ಕೇಳ್ಲಿಲ್ಲ. ಇದೊಂದೇ.” ಕೊನೆಗೆ ಹಳೆಯದೊಂದನ್ನು ಹುಡುಕಿ ತಂದರು. ಊರಿನವರು ಬಿಟ್ಟಾರೆಯೇ? “ಏನ್ಲಾ, ಟೊಮ್ಯಾಟೊ ಕ್ರೇಟು ಎಲ್ಲಿ ಇಕ್ತೀಯಾ, ತೊಡೆ ಮ್ಯಾಲಾ?” ಎಂದು ಗೇಲಿ ಮಾಡಿದರಂತೆ. ಹೆಂಡತಿ ಯಾರ ಮಾತಿಗೂ ಸೊಪ್ಪು ಹಾಕದೆ ಅರಿಶಿನ, ಸುಣ್ಣ ಕಲಸಿ ತಟ್ಟೆಯಲ್ಲಿ ಕೆಂಪು ಆರತಿ ನೀರು ಮಾಡಿದರು, ಗಾಡಿಗೆ ನಿವಾಳಿಸಿದರು, ಮೂರು ಬೆರಳು ಅದ್ದಿ ಬಾನೆಟ್ಟಿನ ಮೇಲೆ ಎಳೆದರು.

ಅಲ್ಲೇ ಆದದ್ದು ಯಡವಟ್ಟು. ಮನೆಯಾಕೆ ಇಟ್ಟ ಆರತಿ ಬೊಟ್ಟನ್ನು ಗಂಡಸು ಒರೆಸಬಾರದು, ಅದು ತಾನಾಗಿಯೇ ಹೋಗಬೇಕು. ನಮ್ಮಲ್ಲೂ ಹಾಗೇ. ಇವರು ಒರೆಸಲಿಲ್ಲ. ಆರತಿ ನೀರಿನ ಸುಣ್ಣ ಬಿಸಿಲಲ್ಲಿ ವಾರಗಟ್ಟಲೆ ಒಣಗಿ ಒಣಗಿ ಬಣ್ಣದ ಮೇಲಿನ ಗಾಜಿನಂಥ ಪದರವನ್ನೇ ತಿಂದುಬಿಟ್ಟಿತ್ತು. ಮೊದಲ ಮಳೆಗೆ ಕೆಂಪು ತೊಳೆದುಹೋಯಿತು, ಬೆರಳು ಮಾತ್ರ ಉಳಿಯಿತು.

“ಅವ್ಳೇ ಅತ್ತುಬುಟ್ಳು ಅಕ್ಕಾ, ಗಾಡಿ ಕೆಡಿಸ್ಬುಟ್ಟೆ ಅಂತ. ಕೊಬ್ರಿ ಎಣ್ಣೆ ಆಕಿ ಸೆರಗಲ್ಲಿ ಉಜ್ಜಿದ್ಳು. ನಾನೂ ಬೈದೆ. ಅಪ್ಪುರಂ, ಪೊಂಗಲ್ ಬರೋ ತೈ ತಿಂಗ್ಳಲ್ಲಿ ಜರ ಅಂತ ಮಲಗಿದೋಳು ಏಳ್ಲೇ ಇಲ್ಲ.” ಟವೆಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡರು. “ಈಗ ದಿನಾ ಬೆಳಗಾಗೆದ್ದು ನೋಡ್ತೀನಿ. ವಸಿ ವಸಿ ತೇದೋಯ್ತಾ ಐತೆ ಅನ್ನುಸ್ತದೆ.”

ನನಗೆ ನಮ್ಮ ಮನೆಯ ಗೋಡೆ ನೆನಪಾಯಿತು. ನಮ್ಮೋರು ಲಾರಿ ಡ್ರೈವರ್, ಈರುಳ್ಳಿ ಸೀಸನ್ನಿನಲ್ಲಿ ನಾಸಿಕ್ ಕಡೆ ಹೋದರೆ ಮನೆ ಮರೆತೇಬಿಡುತ್ತಾರೆ. ಬಂದಾಗ ಒರಗಿ ಕೂರುವ ಜಾಗದಲ್ಲಿ ತಲೆಯೆಣ್ಣೆಯ ಒಂದು ಕಲೆ ಇದೆ. ಪೊಂಗಲಿಗೆ ಸುಣ್ಣ ಬಳಿಯುವಾಗಲೆಲ್ಲ ಬೈದುಕೊಂಡೇ ಬಳಿದಿದ್ದೇನೆ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಆ ಕಲೆಯನ್ನು ಒಮ್ಮೆ ನೋಡಬೇಕು ಅನ್ನಿಸಿ ಕಣ್ಣು ಒರೆಸಿಕೊಂಡೆ. ಬದುಕಿರುವ ಗಂಡನಿಗಾಗಿ ಅಳುವುದೇನು ಎಂದು ಮಜ್ಜಿಗೆ ಕುಡಿದು ಎದ್ದೆ.

ಕೆಲಸ ತೊಳೆಯುವುದರಿಂದ ಶುರು. ನೊರೆ, ನೀರು, ಆಮೇಲೆ ಕಬ್ಬಿಣದ ಪುಡಿ ಕರಗಿಸುವ ದ್ರಾವಣ. ಹೆದ್ದಾರಿಯಲ್ಲಿ ಓಡಿದ ಗಾಡಿಗೆ ಅದನ್ನು ಸಿಂಪಡಿಸಿದರೆ ನೇರಳೆ ನೀರು ಇಳಿಯುತ್ತದೆ. ಆಮೇಲೆ ಜೇಡಿಮಣ್ಣಿನಂಥ ಮುದ್ದೆಯಿಂದ ಉಜ್ಜಿ ಉಜ್ಜಿ ಬಣ್ಣವನ್ನು ನುಣ್ಣಗೆ ಮಾಡಬೇಕು. ಬೆರಳುಗಳ ಸುತ್ತ ನಾನು ಟೇಪು ಹಚ್ಚಿ ಬೇಲಿ ಹಾಕಿದೆ. ಗೆರೆಗಳ ಒಳಗೆ ಸುಣ್ಣ ಉಳಿದಿದ್ದರೆ ಫಿಲಂ ಕೆಳಗೂ ತಿನ್ನುತ್ತಲೇ ಇರುತ್ತದೆ, ಹಾಗಾಗಿ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿ ಒಂದೊಂದೇ ಗೆರೆಯನ್ನು ಒರೆಸಿದೆ. ಉಜ್ಜಲಿಲ್ಲ, ಮುಟ್ಟಿಸಿ ಮುಟ್ಟಿಸಿ ತೆಗೆದೆ. ಮಗುವಿನ ಮೂಗು ಒರೆಸುವಾಗಲೂ ನಾನು ಅಷ್ಟು ಮೆತ್ತಗೆ ಒರೆಸಿದವಳಲ್ಲ.

ಬಣ್ಣದ ದಪ್ಪ ಅಳೆಯುವ ಮೀಟರನ್ನು ಬಾನೆಟ್ಟಿನ ಮೇಲಿಟ್ಟಾಗ ಇನ್ನೊಂದು ವಿಷಯ ಗೊತ್ತಾಯಿತು. ಬೇರೆಲ್ಲ ಕಡೆಗಿಂತ ಅಲ್ಲಿ ಬಣ್ಣ ಬಹಳ ದಪ್ಪ. ಹಿಂದೆ ಯಾರೋ ಬಾನೆಟ್ಟಿಗೆ ಮರುಬಣ್ಣ ಹೊಡೆಸಿದ್ದರು. ಕಂಪನಿ ಬಣ್ಣದ ಹಾಗೆ ಅದು ಗಟ್ಟಿಯಾಗಿ ಕೂತಿರುವುದಿಲ್ಲ. ಸುಣ್ಣ ಅಷ್ಟು ಬೇಗ ಕಚ್ಚಿದ್ದೂ ಅದಕ್ಕೇ.

ಓನರ್‌ಗೆ ಇದನ್ನು ತೋರಿಸಿದೆ. ಅವನು ತಲೆ ಚಚ್ಚಿಕೊಂಡ. “ಅಕ್ಕಾ, ರೂಲ್ಸ್ ಎನ್ನ? ಮೊದಲು ಪಾಲಿಶ್, ಅಪ್ಪುರಂ ಫಿಲಂ. ಆ ಮಾರ್ಕ್ ಮೇಲೆ ಮೆಷಿನ್ ಓಡ್ಸಿದ್ರೆ ಎರಡು ನಿಮಿಷ, ಕ್ಲೀನ್. ಹಾಗೇ ಬಿಟ್ರೆ ಕಂಪನಿ ವಾರಂಟಿ ಕಿಡೈಕ್ಕಾದು.”

“ವಾರಂಟಿ ಸಿಗದೇ ಇದ್ರೆ ಬೇಡ. ಅವರು ಕೇಳ್ತಿರೋದು ವಾರಂಟಿ ಅಲ್ಲ.”

“ವೀಡಿಯೋ ಹಾಕೋವಾಗ ಆ ಕಲೆ ಕಾಣುತ್ತೆ ಅಕ್ಕಾ!”

“ಕಾಣಲಿ ಅಂತಾನೇ ನಾನು ಒದ್ದಾಡ್ತಿರೋದು ಕಣಪ್ಪಾ” ಅಂದೆ.

ಫಿಲಂ ಆರಿಸುವುದರಲ್ಲೂ ಓನರ್ ಜೊತೆ ಜಗಳವಾಯಿತು. ಅಗ್ಗದ್ದನ್ನು ನಾನು ಮುಟ್ಟಲಿಲ್ಲ, ಅವರ ಧರ್ಮಪುರಿ ಕಡೆಯ ಬಿಸಿಲಿಗೆ ಅದು ಹಳದಿಯಾಗುತ್ತದೆ. ಉಳಿದದ್ದು ಎರಡು. ದಪ್ಪನೆಯದು ಲಾರಿ ಎಸೆಯುವ ಕಲ್ಲಿಗೂ ಜಗ್ಗುವುದಿಲ್ಲ, ಆದರೆ ಓರೆಯಾಗಿ ನೋಡಿದರೆ ಮೈಯಲ್ಲಿ ಕಿತ್ತಳೆ ಸಿಪ್ಪೆಯಂಥ ಸಣ್ಣ ಸುಕ್ಕು. ತೆಳುವಿನದು ತಿಳಿನೀರಿನ ಹಾಗೆ, ಕೆಳಗಿನದೆಲ್ಲ ಕಾಣುತ್ತದೆ, ಆದರೆ ದೊಡ್ಡ ಕಲ್ಲಿಗೆ ತಡೆಯುವುದಿಲ್ಲ. ಎರಡರ ತುಂಡನ್ನೂ ಬೆರಳುಗಳ ಮೇಲೆ ತಾಗಿಸದ ಹಾಗೆ ಹಿಡಿದು ನೋಡಿದೆ. ದಪ್ಪನೆಯದರ ಸುಕ್ಕಿನಲ್ಲಿ ಗೆರೆಗಳು ಕಲಸಿಹೋದವು, ತೆಳುವಿನದರಲ್ಲಿ ನಿಚ್ಚಳವಾಗಿ ನಿಂತವು. ಮೂತಿಗೆ, ಪಕ್ಕಗಳಿಗೆ ದಪ್ಪನೆಯದು, ಬಾನೆಟ್ಟಿಗೆ ಮಾತ್ರ ತೆಳುವಿನದು ಎಂದು ತೀರ್ಮಾನಿಸಿದೆ. ಫೋನಿನಲ್ಲಿ ಕೇಳಿದಾಗ ಆ ಅಣ್ಣನೂ “ನೀವು ಯೋಳ್ದಂಗೆ” ಅಂದರು.

ಮೂತಿ, ಕನ್ನಡಿ, ಬಾಗಿಲು ಎಲ್ಲ ಮುಗಿಸಿ ಬಾನೆಟ್ಟನ್ನು ಕೊನೆಗೆ ಇಟ್ಟುಕೊಂಡೆ. ಫ್ಯಾನ್ ಆಫ್, ನೆಲಕ್ಕೆಲ್ಲ ನೀರು, ನನ್ನ ತಲೆಗೆ ಬಿಗಿಯಾಗಿ ಬಟ್ಟೆ. ಮಕ್ಕಳ ಶಾಂಪೂ ಬೆರೆಸಿದ ನೀರನ್ನು ಬಣ್ಣದ ಮೇಲೂ ಫಿಲಂನ ಗೋಂದಿನ ಮೇಲೂ ಸಿಂಪಡಿಸಬೇಕು. ಆಗ ಫಿಲಂ ಅಂಟದೆ ತೇಲುತ್ತದೆ, ಬೇಕಾದಲ್ಲಿಗೆ ಜರುಗಿಸಬಹುದು. ಓನರ್ ಒಂದು ಕಡೆ, ನಾನು ಒಂದು ಕಡೆ ಹಿಡಿದು ಇಳಿಸುತ್ತಿದ್ದೆವು. ಅಷ್ಟರಲ್ಲಿ ಗಾಳಿ ಪರದೆಯನ್ನೇ ಎತ್ತಿ ಒಂದು ಬೊಗಸೆ ಧೂಳನ್ನು ಒಳಗೆ ಎರಚಿತು. ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಇನ್ನೂ ಒದ್ದೆಯಿದ್ದುದರಿಂದ ಫಿಲಂ ಸುಲಭವಾಗಿ ಎದ್ದು ಬಂತು. ಅದನ್ನು ಬಿಸಾಕಿ, ಮತ್ತೆ ತೊಳೆದು, ಹೊಸ ತುಂಡು ಕತ್ತರಿಸಿದೆ.

ಎರಡನೆಯ ಸಲ ಕೂತಿತು. ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಎಳೆಯ ಬಿಗಿ ಕೈಗೇ ಗೊತ್ತಾಗುತ್ತದೆ. ಒಂದು ಕಡೆ ಹೆಚ್ಚು ಜಗ್ಗಿದರೆ ಇನ್ನೊಂದು ಕಡೆ ಸೊಟ್ಟ, ಸೀರೆಯಾದರೂ ಅಷ್ಟೇ, ಫಿಲಂ ಆದರೂ ಅಷ್ಟೇ. ನಡುವಿನಿಂದ ಅಂಚಿಗೆ ರಬ್ಬರಿನ ಪಟ್ಟಿಯಲ್ಲಿ ನೀರು ತಳ್ಳುತ್ತಾ ಹೋದೆ. ಅಂಚುಗಳನ್ನು ಬಿಸಿ ಗಾಳಿಯಲ್ಲಿ ಮೆತ್ತಗೆ ಮಾಡಿ ಒಳಕ್ಕೆ ಮಡಚಿದೆ. ಒಂದು ಗುಳ್ಳೆಯಿಲ್ಲ, ಒಂದು ಕೂದಲಿಲ್ಲ. ಓನರ್ ಸುತ್ತ ತಿರುಗಿ ವೀಡಿಯೋ ತೆಗೆದ. ಬೆರಳುಗಳ ಜಾಗ ಮಂಕಾಗಿ ಕಾಣುತ್ತಿತ್ತು, ನೀರು ಇನ್ನೂ ಆರಿಲ್ಲ ಎಂದುಕೊಂಡೆ.

ಬೆಳಗ್ಗೆ ಬಂದು ನೋಡಿದರೆ ಅಲ್ಲಿ ಏನೂ ಇರಲಿಲ್ಲ.

ಲೈಟು ಹಿಡಿದೆ. ಮೇಲಿನಿಂದ, ಓರೆಯಿಂದ, ನೆಲದ ಮೇಲೆ ಕೂತು. ಕನ್ನಡಿಯಂಥ ನೀಲಿಯಲ್ಲಿ ನನ್ನ ಪೆಚ್ಚು ಮುಖ ಬಿಟ್ಟರೆ ಬೇರೇನೂ ಕಾಣಲಿಲ್ಲ. ಆಗಿದ್ದು ಇಷ್ಟು: ನೀರು ಆರುತ್ತಿದ್ದ ಹಾಗೆ ಫಿಲಂನ ಗೋಂದು ಗೆರೆಗಳ ತಗ್ಗಿಗೆ ಇಳಿದು ಸಮ ಮಾಡಿಬಿಟ್ಟಿತ್ತು. ಸಣ್ಣ ಗೀರುಗಳು ಫಿಲಂ ಹಾಕಿದರೆ ಮುಚ್ಚಿಹೋಗುತ್ತವೆ ಎನ್ನುವುದು ಓನರ್ ಪ್ರತಿ ಗಿರಾಕಿಗೂ ಹೇಳುವ ಮಾತೇ. ಈ ಗೆರೆಗಳು ಅದಕ್ಕಿಂತ ಆಳವಿವೆ ಎಂದು ನಾನು ಲೆಕ್ಕ ಹಾಕಿದ್ದೆ, ಅವು ಅಷ್ಟು ಆಳವಿರಲಿಲ್ಲ. ತುಂಡು ಹಿಡಿದು ನೋಡಿದಾಗ ನಡುವೆ ಗಾಳಿಯಿತ್ತು, ಅದಕ್ಕೇ ಕಂಡಿತ್ತು.

ಆ ಅಣ್ಣ ಬಸ್ಸಿನಲ್ಲಿ ಬಂದಿಳಿದರು. ಹೊಸ ಪಂಚೆ ಉಟ್ಟಿದ್ದರು. ಗಾಡಿಯ ಸುತ್ತ ಬರಲಿಲ್ಲ, ನೆಟ್ಟಗೆ ಎಡಗಡೆಗೆ ಹೋಗಿ ನಿಂತು, ಟವೆಲಿನ ನೆರಳು ಮಾಡಿದರು. ಸ್ವಲ್ಪ ಜರುಗಿ ಮತ್ತೆ ನೆರಳು ಮಾಡಿದರು. ನಾನು ಎಲ್ಲವನ್ನೂ ಹೇಳಿದೆ.

“ಕೆಳಗೆ ಐತಾ ಅಕ್ಕಾ?”

“ಐತೆ ಅಣ್ಣಾ. ಎಲ್ಲೂ ಓಗಿಲ್ಲ. ಗಮ್ಮು ತುಂಬ್ಕಂಡೈತೆ, ಅದ್ಕೆ ಕಾಣ್ತಿಲ್ಲ. ಇನ್ನು ಬಿಸ್ಲು, ಮಳೆ, ಏನೂ ಅದನ್ನ ಮುಟ್ಟಕ್ಕಾಗಲ್ಲ.”

ಅವರು ಅಂಗೈಯನ್ನು ಆ ಜಾಗದ ಮೇಲಿಟ್ಟು ಮೆಲ್ಲಗೆ ಸರಿಸಿದರು. “ತಿಥಿ ದಿನ ಪೂಜಾರೀನೂ ಇದೇ ಯೋಳ್ದ. ಎಲ್ಲೂ ಓಗಿಲ್ಲ, ಇಲ್ಲೇ ಅವ್ಳೆ, ಕಾಣಲ್ಲ ಅಷ್ಟೇ ಅಂತ.” ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಸಿಟ್ಟಾಗಲಿಲ್ಲ. “ನಂಗೆ ಕಾಣ್ಬೇಕು ಅಕ್ಕಾ. ಇದೊಂದಾದ್ರೂ ಕಣ್ಗೆ ಕಾಣ್ಬೇಕು.”

ಇರುವ ದಾರಿಗಳನ್ನು ಹೇಳಿದೆ. ಹೀಗೇ ಬಿಟ್ಟರೆ ಬೆರಳು ಭದ್ರ, ಕಾಣುವುದಿಲ್ಲ. ಆ ಜಾಗದಷ್ಟು ಕಿಟಕಿಯ ಹಾಗೆ ಕತ್ತರಿಸಿ ತೆಗೆಯಬಹುದು, ಆದರೆ ಬೆರಳಿನ ಪಕ್ಕದಲ್ಲೇ ಬ್ಲೇಡು ಓಡಿಸಬೇಕು, ಆಮೇಲೆ ಆ ಅಂಚಿನಲ್ಲಿ ಕೊಳೆ ಕೂರುತ್ತದೆ. ಬಾನೆಟ್ಟಿನ ಫಿಲಂ ಪೂರ್ತಿ ತೆಗೆದರೆ ಕಾಣುತ್ತದೆ. ಆದರೆ ಮರುಬಣ್ಣದ ಮೇಲಿನ ಫಿಲಂ ಒಣಗಿದ ಮೇಲೆ ಎತ್ತುವಾಗ ಬಣ್ಣವನ್ನೂ ಕಿತ್ತುಕೊಂಡು ಬರಬಹುದು. ಬೆರಳೇ ಎದ್ದು ಬಂದರೆ ಯಾರೂ ಏನೂ ಮಾಡಲಾಗುವುದಿಲ್ಲ.

“ವೇಣಾಂ ಅಕ್ಕಾ, ವೇಣಾಂ” ಎಂದು ಓನರ್ ಕೈಮುಗಿದ. “ಬಣ್ಣ ಎದ್ದರೆ ಇಡೀ ಬಾನೆಟ್ ಹೋಯ್ತು. ವೀಡಿಯೋ ಬೇರೆ ಹಾಕಿಬಿಟ್ಟಿದ್ದೀನಿ.”

ಆ ಅಣ್ಣ ನನ್ನನ್ನೇ ನೋಡುತ್ತಿದ್ದರು. “ನಿಮ್ಮ ಕೈ ಏನಂತದೆ?” ಅಂದರು.

ಹೊರಗೆ ಹೋಗಿ ಟೀ ಕುಡಿದೆ. ನಮ್ಮೋರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಲಾರಿ ಓಡಿಸುವಾಗ ಎತ್ತಬೇಡ ಎಂದು ನಾನೇ ಹೇಳಿರುವುದು, ಆದರೂ ಅವತ್ತು ಹಾಳಾದವನು ಎತ್ತಬಾರದಿತ್ತಾ ಅನ್ನಿಸಿತು. ಬಣ್ಣ ಎದ್ದುಬಂದರೆ ಈ ಮನುಷ್ಯನ ಮುಖವನ್ನು ಹೇಗೆ ನೋಡುವುದು? ಎತ್ತದೆ ಬಿಟ್ಟರೆ? ಅವರು ಊರಿಗೆ ಹೋಗಿ ದಿನಾ ಬೆಳಗ್ಗೆ ಏಳುತ್ತಾರೆ, ನನ್ನ ಚೆಂದದ ಕೆಲಸದ ಮುಂದೆ ನಿಲ್ಲುತ್ತಾರೆ. ಒಂದು ಗೆರೆಗಾಗಿ ಹುಡುಕುತ್ತಾರೆ, ಸಿಗುವುದಿಲ್ಲ. ಅದನ್ನು ನೆನೆದರೆ ನನ್ನಿಂದ ತಡೆಯಲಾಗಲಿಲ್ಲ. ಗ್ಲಾಸು ಇಟ್ಟು ಒಳಗೆ ಬಂದೆ.

“ತೆಗೀತೀನಿ” ಅಂದೆ.

ಗಾಡಿಯನ್ನು ಬಿಸಿಲಿಗೆ ತಳ್ಳಿಸಿದೆ. ಗೋಂದು ಬಿಸಿಯಾದಷ್ಟೂ ಸಡಿಲ. ಬೆರಳುಗಳಿಂದ ಅತಿ ದೂರದ ಮೂಲೆಯಲ್ಲಿ, ಬಲಗಡೆ ದೀಪದ ಹತ್ತಿರ, ಉಗುರಿನಿಂದ ಅಂಚು ಎಬ್ಬಿಸಿದೆ. ಒಂದು ಗೇಣು ಬರುವುದರೊಳಗೆ ಕಿರ್ ಎಂದು ಸದ್ದಾಯಿತು. ಫಿಲಂಗೆ ಅಂಟಿಕೊಂಡು ಉಗುರಿನಷ್ಟು ನೀಲಿ ಚೂರು ಎದ್ದು ಬಂದಿತ್ತು. ಓನರ್ “ಅಯ್ಯಯ್ಯೋ ಅಕ್ಕಾ!” ಎಂದು ಕಿರುಚಿದ. ನನ್ನ ಕೈ ನಿಂತಿತು.

“ನಿಲ್ಲಿಸ್ಬ್ಯಾಡಿ” ಅಂದರು ಹಿಂದಿನಿಂದ ಆ ಅಣ್ಣ.

ನಾನು ಮೇಲಕ್ಕೆ ಎಳೆಯುತ್ತಿದ್ದದ್ದೇ ತಪ್ಪು. ಫಿಲಂ ಅನ್ನು ಅದರ ಮೇಲೇ ಪೂರ್ತಿ ಮಡಚಿ, ಬಣ್ಣಕ್ಕೆ ತಾಗಿಕೊಂಡಂತೆಯೇ ಹಿಂದಕ್ಕೆ ಎಳೆಯಬೇಕು, ಎಳೆಯುವ ಬಾಯಿಗೆ ಬಿಸಿ ಸೋಪುನೀರು ಬಿಡುತ್ತಲೇ ಇರಬೇಕು. ಅದಕ್ಕೆ ಮೂರನೆಯ ಕೈ ಬೇಕು. ಓನರ್ ಒಂದು ಗಳಿಗೆ ಬಾಯಿಗೆ ಬಂದದ್ದು ಗೊಣಗಿದ, ಆಮೇಲೆ ತಾನೇ ಹೋಗಿ ಸ್ಟೀಮ್ ಮೆಷಿನ್ ತಂದು ನನ್ನ ಪಕ್ಕ ನಿಂತ. ಅವನು ಹಬೆ ಬಿಡುತ್ತಾ ಬಂದ, ನಾನು ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಫಿಲಂ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಎಳೆದು ನಿಲ್ಲಿಸಿ ನೋಡುವುದು, ಮತ್ತೆ ಎಳೆಯುವುದು. ಬಾನೆಟ್ಟಿನ ನಡುವಿಗೆ ಬರುವಷ್ಟರಲ್ಲಿ ಅಂಗಡಿಯ ನೆರಳು ಗಾಡಿಯ ಮೇಲೆ ಬಂದಿತ್ತು, ಗಾಡಿಯನ್ನು ಮತ್ತೆ ಬಿಸಿಲಿಗೆ ತಳ್ಳಿದೆವು.

ಗಿಡ್ಡ ಗೆರೆಯೊಂದು ಮೊದಲು ಬಂತು. ಒದ್ದೆಯಲ್ಲಿ ಏನೂ ಕಾಣಲಿಲ್ಲ. ಮೈಕ್ರೋಫೈಬರ್ ಬಟ್ಟೆಯ ತುದಿಯನ್ನು ಒತ್ತಿ ನೀರು ಹೀರಿದೆ, ಬಿಸಿಲಿಗೆ ಆರಿತು, ಆರುತ್ತಾ ಆರುತ್ತಾ ಮಂಕು ಗೆರೆ ಎದ್ದು ನಿಂತಿತು. ಆಮೇಲೆ ಉದ್ದದ್ದು. ಆಮೇಲೆ ಇನ್ನೊಂದು. ಫಿಲಂನ ಕೊನೆಯ ಅಂಚು ಕಳಚಿ ಕೈಗೆ ಬಂದಾಗ ಮೂರೂ ಬೆರಳು ಇದ್ದಲ್ಲೇ ಇದ್ದವು.

“ಬಂದ್ಳು” ಅಂದರು ಆ ಅಣ್ಣ. ಅಷ್ಟೇ. ಟವೆಲಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಓನರ್ ಫೋನ್ ತೆಗೆದವನು ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡ. ನಾನು ಅಲ್ಲೇ ನೆಲದ ಮೇಲೆ ಕೂತೆ.

ಮೂಲೆಯ ಗಾಯಕ್ಕೆ ಬಣ್ಣ ಹಚ್ಚಿದೆ. ಉಳಿದ ಗಾಡಿಗೆಲ್ಲ ಫಿಲಂ, ಬಾನೆಟ್ಟು ಮಾತ್ರ ಬರಿಮೈ. ಮೆಷಿನ್ ವಾಶ್‌ಗೆ ಕೊಡಬೇಡಿ, ಬರೀ ನೀರು ಹಾಕಿ, ಬೇರೆ ಯಾರ ಕೈಯಲ್ಲೂ ಉಜ್ಜಿಸಬೇಡಿ ಎಂದು ಹೇಳಿದೆ. ಶೆಡ್ಡಿನಲ್ಲಿ ಮುಚ್ಚಿಟ್ಟರೆ ಬಹಳ ವರ್ಷ ಉಳಿಯುತ್ತದೆ ಎಂದೂ ಹೇಳಿದೆ.

“ಓಡ್ಲಿ ಅಂತಲ್ವಾ ಅಕ್ಕಾ ಅವ್ಳು ಇಕ್ಕಿದ್ದು? ಮುಚ್ಚಿಟ್ರೆ ಬೈತಾಳೆ.” ಅವರು ಒಳಗೆ ಇಳಿದು ಕೂತರು. “ಎಷ್ಟು ದಿನ ಇರ್ತದೆ?”

“ಯೋಳಕ್ಕಾಗಲ್ಲ ಅಣ್ಣಾ. ಬಿಸ್ಲು, ಕಲ್ಲು, ನಿಮ್ಮ ಅದೃಷ್ಟ.”

“ಸರಿ” ಎಂದು ಗಾಡಿ ಶುರುಮಾಡಿದರು. ಬೈಪಾಸಿಗೆ ಏರಿ ಬೆಂಗಳೂರಿನ ಕಡೆ ತಿರುಗಿದ ಮೇಲೂ ಆ ಸದ್ದು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.

ಅವತ್ತು ಸಂಜೆಯೇ ಫೋನ್ ಬಂತು. “ಘಾಟ್ ಅತ್ತಿದೆ ಅಕ್ಕಾ. ಐತೆ.” ನಾನು ಜೋರಾಗಿ ನಕ್ಕುಬಿಟ್ಟೆ. ಆಮೇಲೆ ಅದು ರೂಢಿಯಾಯಿತು. ಸೇಲಂ ಮಂಡಿಗೆ ಬಂದು ಹೋದಾಗಲೆಲ್ಲ ತೊಪ್ಪೂರಿನಲ್ಲಿ ಗಾಡಿ ನಿಲ್ಲಿಸಿ, ಇಳಿದು ನೋಡಿ, ಒಂದೇ ಮಾತು ಹೇಳಿ ಇಡುತ್ತಿದ್ದರು. “ಐತೆ.” ಮನೆಯಲ್ಲಿ ಮಗಳು ಅಣಕಿಸುತ್ತಿದ್ದಳು, “ಯಾರಮ್ಮ ಅದು, ಐತೆ ಅಂಕಲ್ಲಾ?” ಎಂದು. ಆ ಫೋನಿಗೆ ನಾನೂ ಕಾಯತೊಡಗಿದ್ದೆ. ನಮ್ಮೋರಿಗೂ ಹೇಳಿದ್ದೆ, ಘಾಟ್ ಇಳಿದಾಗಲೆಲ್ಲ ಒಂದು ಫೋನ್ ಮಾಡು ಎಂದು. “ಯಾವ ಸಿನಿಮಾ ನೋಡಿದೆ?” ಎಂದು ಕೇಳಿದರು ಮಹಾರಾಯರು.

ಹೋದ ತಿಂಗಳು ಒಂದು ಮಧ್ಯಾಹ್ನ ಫೋನ್ ಬಂದಾಗ, ಅವರು ಬಾಯಿ ತೆಗೆಯುವ ಮುಂಚೆ ನಾನೇ “ಐತಾ ಅಣ್ಣಾ?” ಅಂದೆ.

“ಗೊತ್ತಿಲ್ಲ ಅಕ್ಕಾ. ಇವತ್ತು ನೋಡ್ಲಿಲ್ಲ.” ಹಿಂದೆ ಲಾರಿಗಳ ಹಾರನ್ ಕೇಳಿಸುತ್ತಿತ್ತು. “ರೋಡು ಖಾಲಿ ಇತ್ತು. ವಸಿ ಜೋರಾಗಿ ಓಡಿಸ್ದೆ. ಅವ್ಳು ಪಕ್ಕದಲ್ಲಿ ಕೂತು ಕಿರುಚೋಳಲ್ಲ, ಅಂಗೇ ಕಿರುಚ್ದಂಗಾಯ್ತು. ನಗ್ತಾ ಬಂದ್ಬುಟ್ಟೆ. ಆಮ್ಯಾಕೆ ದಬ್ ಅಂತ ಒಂದು ಕಲ್ಲು. ಇಳಿಯಕ್ಕೆ ಭಯ ಆಯ್ತೈತೆ ಅಕ್ಕಾ.”

“ಇಳೀರಿ. ನೋಡಿ. ನಾನು ಲೈನಲ್ಲೇ ಇರ್ತೀನಿ.”

ಬಾಗಿಲು ತೆರೆದ ಸದ್ದು. ಉಸಿರು. ಜಲ್ಲಿಯ ಮೇಲೆ ಚಪ್ಪಲಿ. ಟವೆಲಿನಿಂದ ನೆರಳು ಮಾಡುತ್ತಿರಬೇಕು. ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು. ಬನ್ನಿ ಅಣ್ಣಾ, ಟಚ್‌ಅಪ್ ಮಾಡಿಕೊಡ್ತೀನಿ ಎನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದು ನಿಂತಿತ್ತು. ನುಂಗಿಕೊಂಡೆ.

“ಎರಡು ಐತೆ” ಅಂದರು.

ನಾನು ಫೋನ್ ಇಡಲಿಲ್ಲ. ಅವರೂ ಇಡಲಿಲ್ಲ.

“ಎರಡು ಐತೆ ಅಕ್ಕಾ.”